ಹಿಮದ ಮೇಲೆ ಲಾಗ ಹೊಡೆಯೋ ಆಟ: ಏನಿದು ಫ್ರೀಸ್ಟೈಲ್ ಸ್ಕೀಯಿಂಗ್? ಹಿಮವೇ ಬೀಳದ ಶಿವಮೊಗ್ಗ, ಭದ್ರಾವತಿ ಮಕ್ಕಳಿಗೆ ಇದು ಎಷ್ಟು ದೂರ?

ಶಿವಮೊಗ್ಗ: ಅಡಕೆ ಹಾಳೆ ಮೇಲೆ ಒಬ್ಬರು ಕೂರೋದು, ಇನ್ನೊಬ್ಬರು ಎಳ್ಕೊಂಡು ಓಡೋದು. ಮಲೆನಾಡಿನಲ್ಲಿ ಬೆಳೆದವರಿಗೆ ಈ ಆಟ ಹೊಸದಲ್ಲ. ಇಳಿಜಾರು ಸಿಕ್ಕರಂತೂ ಎಳೆಯೋರೂ ಬೇಡ, ಹಾಳೆ ತಾನಾಗೇ ಜಾರುತ್ತೆ. ಜಾರುವ ಇದೇ ಖುಷಿಗೆ ಹಿಮದ ಗುಡ್ಡ, ಕಾಲಿಗೆ ಕಟ್ಟಿಕೊಳ್ಳುವ ಎರಡು ಉದ್ದನೆಯ ಪಟ್ಟಿ ಮತ್ತು ಗಾಳಿಯಲ್ಲಿ ನಾಲ್ಕಾರು ಲಾಗ ಸೇರಿಸಿದರೆ ಅದು ಫ್ರೀಸ್ಟೈಲ್ ಸ್ಕೀಯಿಂಗ್.

ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಈ ಆಟದ ವಿಡಿಯೋಗಳು ಮೊಬೈಲ್‌ನಲ್ಲಿ ಹರಿದಾಡುತ್ತವೆ. ನೋಡಿದವರಿಗೆ ಮೂಡುವ ಪ್ರಶ್ನೆ ಎರಡು. ಅಷ್ಟು ಎತ್ತರದಿಂದ ಬಿದ್ದರೂ ಕಾಲು ಮುರಿಯಲ್ವಾ? ಹಿಮವನ್ನೇ ನೋಡದ ಊರಿನ ಮಕ್ಕಳು ಇದನ್ನ ಕಲಿಯೋಕೆ ಆಗುತ್ತಾ? ಇಲ್ಲಿದೆ ವಿವರ.

ಮಾಮೂಲಿ ಸ್ಕೀಯಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಆಲ್ಪೈನ್ ಸ್ಕೀಯಿಂಗ್‌ನಲ್ಲಿ ಲೆಕ್ಕ ಸರಳ. ಗುಡ್ಡದ ಮೇಲಿನಿಂದ ಯಾರು ಬೇಗ ಕೆಳಗೆ ಬರುತ್ತಾರೋ ಅವರು ಗೆದ್ದ ಹಾಗೆ. ಫ್ರೀಸ್ಟೈಲ್‌ನ ಹೆಚ್ಚಿನ ಸ್ಪರ್ಧೆಗಳಲ್ಲಿ ಗಡಿಯಾರಕ್ಕಿಂತ ತೀರ್ಪುಗಾರರ ಕಣ್ಣು ಮುಖ್ಯ. ಎಷ್ಟು ಎತ್ತರ ಹಾರಿದರು, ಎಷ್ಟು ಸುತ್ತು ತಿರುಗಿದರು, ಎಷ್ಟು ಚೊಕ್ಕವಾಗಿ ಇಳಿದರು ಅನ್ನೋದಕ್ಕೆ ಅಂಕ. 2026ರ ಮಿಲಾನೊ ಕೊರ್ಟಿನಾ ಒಲಿಂಪಿಕ್ಸ್‌ನಲ್ಲಿ ಫ್ರೀಸ್ಟೈಲ್‌ಗೆ ಅಂತಲೇ 15 ಚಿನ್ನದ ಪದಕಗಳನ್ನು ಇಡಲಾಗಿತ್ತು.

ಎಷ್ಟು ಬಗೆಗಳಿವೆ?

ಮೊಗಲ್ಸ್: ರಸ್ತೆ ತುಂಬಾ ಹಂಪ್ಸ್ ಇದ್ದರೆ ಹೇಗೋ ಹಾಗೆ ಗುಡ್ಡದ ತುಂಬಾ ಹಿಮದ ದಿಬ್ಬಗಳು. ಸುಮಾರು ಮೂರೂವರೆ ಮೀಟರ್‌ಗೆ ಒಂದು. ಮಧ್ಯೆ ಎರಡು ಕಡೆ ಹಾರಬೇಕು. ತಿರುವುಗಳಿಗೆ ಶೇ. 60, ಹಾರಾಟಕ್ಕೆ ಶೇ. 20, ವೇಗಕ್ಕೆ ಶೇ. 20 ಅಂಕ. ಬೈಕ್‌ನ ಶಾಕ್ ಅಬ್ಸಾರ್ಬರ್ ಮಾಡುವ ಕೆಲಸವನ್ನ ಇಲ್ಲಿ ಮಂಡಿ ಮಾಡಬೇಕು. ಕಾಲು ಕುಣಿಯುತ್ತಿದ್ದರೂ ತಲೆ, ಎದೆ ಅಲುಗಾಡಬಾರದು. ಇಬ್ಬರು ಅಕ್ಕಪಕ್ಕ ಇಳಿಯುವ ಡ್ಯುಯಲ್ ಮೊಗಲ್ಸ್ 2026ರಲ್ಲಿ ಒಲಿಂಪಿಕ್ಸ್‌ಗೆ ಸೇರಿತು.

ಏರಿಯಲ್ಸ್: ಗೋಡೆಯಂತೆ ಎದ್ದು ನಿಂತ ಹಿಮದ ರ‍್ಯಾಂಪ್‌ನಿಂದ ಆಕಾಶಕ್ಕೆ ಚಿಮ್ಮಿ, ಸುಮಾರು ಮೂರು ಸೆಕೆಂಡ್‌ನಲ್ಲಿ ಲಾಗ, ತಿರುಗು ಎಲ್ಲಾ ಮುಗಿಸಿ ಇಳಿಯಬೇಕು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚೀನಾದ ಚಿ ಗುವಾಂಗ್‌ಪು ಮೂರು ಹಿಮ್ಮುಖ ಲಾಗದೊಳಗೆ ಐದು ಸಲ ಬುಗುರಿಯಂತೆ ತಿರುಗಿ ಚಿನ್ನ ಗೆದ್ದರು.

ಹಾಫ್‌ಪೈಪ್: ಉದ್ದಕ್ಕೆ ಸೀಳಿದ ದೊಡ್ಡ ಪೈಪಿನ ಆಕಾರದ ಹಿಮದ ಕಾಲುವೆ. ಎರಡೂ ಬದಿ 22 ಅಡಿ ಗೋಡೆ, ಅಂದರೆ ಎರಡು ಅಂತಸ್ತಿನ ಮನೆಯಷ್ಟು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹಾರುತ್ತಾ ಕೆಳಗೆ ಬರಬೇಕು.

ಸ್ಲೋಪ್‌ಸ್ಟೈಲ್, ಬಿಗ್ ಏರ್: ಸ್ಲೋಪ್‌ಸ್ಟೈಲ್‌ನಲ್ಲಿ ಕಬ್ಬಿಣದ ಕಂಬಿಗಳ ಮೇಲೆ ಜಾರಿ, ಸಾಲು ರ‍್ಯಾಂಪ್‌ಗಳನ್ನು ಹಾರಬೇಕು. ಬಿಗ್ ಏರ್‌ನಲ್ಲಿ ಒಂದೇ ಒಂದು ದೈತ್ಯ ಜಿಗಿತ.

ಸ್ಕೀ ಕ್ರಾಸ್: ಇದರಲ್ಲಿ ತೀರ್ಪುಗಾರರ ಅಂಕ ಇಲ್ಲ. ನಾಲ್ವರು ಒಟ್ಟಿಗೆ ಹೊರಡುತ್ತಾರೆ, ಮೊದಲು ಬಂದ ಇಬ್ಬರು ಮುಂದಿನ ಸುತ್ತಿಗೆ.

ಒಲಿಂಪಿಕ್ಸ್‌ಗೆ ಬಂದಿದ್ದು ಹೇಗೆ?

1950ರ ದಶಕದಲ್ಲಿ ನಾರ್ವೆಯ ಒಲಿಂಪಿಕ್ ಚಾಂಪಿಯನ್ ಸ್ಟೈನ್ ಎರಿಕ್ಸನ್ ಹಿಮದ ಮೇಲೆ ಲಾಗ ಹೊಡೆದು ತೋರಿಸುತ್ತಿದ್ದರು. ಆಗ ಅದು ಜನರನ್ನ ರಂಜಿಸುವ ಪ್ರದರ್ಶನ ಅಷ್ಟೇ. ಅಂತಾರಾಷ್ಟ್ರೀಯ ಸ್ಕೀ ಫೆಡರೇಷನ್ ಇದನ್ನ ಕ್ರೀಡೆ ಅಂತ ಒಪ್ಪಿಕೊಂಡಿದ್ದು 1979ರಲ್ಲಿ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯವಾಗಿತ್ತು. 1992ರಲ್ಲಿ ಮೊಗಲ್ಸ್, 1994ರಲ್ಲಿ ಏರಿಯಲ್ಸ್, 2010ರಲ್ಲಿ ಸ್ಕೀ ಕ್ರಾಸ್, 2014ರಲ್ಲಿ ಹಾಫ್‌ಪೈಪ್ ಮತ್ತು ಸ್ಲೋಪ್‌ಸ್ಟೈಲ್, 2022ರಲ್ಲಿ ಬಿಗ್ ಏರ್ ಪದಕದ ಪಟ್ಟಿ ಸೇರಿದವು. ಸಂಗೀತಕ್ಕೆ ಕುಣಿಯುವ ಸ್ಕೀ ಬ್ಯಾಲೆ ಅಂತ ಇನ್ನೊಂದು ಬಗೆ ಇತ್ತು. ಅದಕ್ಕೆ ಪದಕದ ಭಾಗ್ಯ ಸಿಗಲೇ ಇಲ್ಲ.

ಭದ್ರಾವತಿಯವರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದು ಬೀಜಿಂಗ್‌ನಲ್ಲಿದೆ. 2022ರ ಬಿಗ್ ಏರ್ ಸ್ಪರ್ಧೆ ನಡೆದಿದ್ದು ಯಾವುದೋ ಬೆಟ್ಟದ ಮೇಲಲ್ಲ, ಶೌಗಾಂಗ್ ಎಂಬ ಹಳೆಯ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕತೆ 1918ರಲ್ಲಿ ಶುರುವಾದರೆ ಶೌಗಾಂಗ್‌ನದು 1919ರಲ್ಲಿ. ಹೊಗೆ ಜಾಸ್ತಿಯಾಯ್ತು ಅಂತ ಅಲ್ಲಿನ ಉತ್ಪಾದನೆಯನ್ನು ಬೇರೆ ಪ್ರಾಂತ್ಯಕ್ಕೆ ಸಾಗಿಸಲಾಯಿತು. ಉಳಿದ ಕೂಲಿಂಗ್ ಟವರ್‌ಗಳ ಪಕ್ಕದಲ್ಲೇ ರ‍್ಯಾಂಪ್ ಕಟ್ಟಿ, ಯಂತ್ರದಿಂದ ಹಿಮ ತಯಾರಿಸಿ ಹಾಸಿದರು. ಅಲ್ಲೇ ಚೀನಾದ ಐಲೀನ್ ಗು ಕೊನೆಯ ಅವಕಾಶದಲ್ಲಿ, ತಾವು ಅದುವರೆಗೆ ಸ್ಪರ್ಧೆಯಲ್ಲಿ ಮಾಡಿರದ ನಾಲ್ಕೂವರೆ ಸುತ್ತಿನ ಜಿಗಿತ ಹಾಕಿ ಚಿನ್ನ ಗೆದ್ದರು. ವಿಐಎಸ್‌ಎಲ್ ಉಳಿಸಿ ಅಂತ ವರ್ಷಗಟ್ಟಲೆ ಹೋರಾಡಿದ ಊರಿಗೆ ಬೇಕಿರುವುದು ಕಾರ್ಖಾನೆಯ ಸೈರನ್ನೇ ಹೊರತು ರ‍್ಯಾಂಪ್ ಅಲ್ಲ, ಆ ಮಾತು ಬೇರೆ. ಆದರೆ ಈ ಆಟಕ್ಕೆ ಬೆಟ್ಟವೇ ಬೇಕು ಅಂತಿಲ್ಲ ಅನ್ನೋದನ್ನ ಶೌಗಾಂಗ್ ತೋರಿಸಿತು.

ಅಷ್ಟು ಎತ್ತರದಿಂದ ಬಿದ್ದರೂ ಕಾಲು ಯಾಕೆ ಮುರಿಯಲ್ಲ?

ಏರಿಯಲ್ಸ್‌ನಲ್ಲಿ ಕ್ರೀಡಾಪಟು ಇಳಿಯುವ ಜಾಗದಿಂದ ಸುಮಾರು 15 ಮೀಟರ್ ಮೇಲಿರುತ್ತಾರೆ. ಅಂದರೆ ಐದು ಅಂತಸ್ತಿನ ಕಟ್ಟಡದ ಎತ್ತರ. ಸಮತಟ್ಟಾದ ನೆಲಕ್ಕೆ ಬಿದ್ದರೆ ಗಂಟೆಗೆ 60 ಕಿ.ಮೀ ವೇಗದಲ್ಲಿ ನೆಲಕ್ಕೆ ಅಪ್ಪಳಿಸಿದ ಹಾಗೆ. ಉಳಿಯೋದೇ ಕಷ್ಟ.

ಗುಟ್ಟು ಇರೋದು ಇಳಿಜಾರಿನಲ್ಲಿ. ಅವರು ಇಳಿಯುವ ಜಾಗ ಸುಮಾರು 37 ಡಿಗ್ರಿ ಓರೆಯಾಗಿರುತ್ತೆ. ಬೀಳುವ ದಿಕ್ಕು ಮತ್ತು ನೆಲದ ಓರೆ ಹತ್ತಿರ ಹತ್ತಿರ ಒಂದೇ ಆಗಿರುವುದರಿಂದ ದೇಹ ನೆಲಕ್ಕೆ ಗುದ್ದುವುದಿಲ್ಲ, ನೆಲವನ್ನ ಸವರಿಕೊಂಡು ಮುಂದಕ್ಕೆ ಜಾರುತ್ತೆ. ಬಿದ್ದ ವೇಗದ ದೊಡ್ಡ ಪಾಲು ಜಾರುವ ವೇಗವಾಗಿ ಬದಲಾಗುತ್ತೆ, ಕಾಲಿಗೆ ಸಿಗುವ ಪೆಟ್ಟು ಅಷ್ಟರಮಟ್ಟಿಗೆ ಕಮ್ಮಿ. ಜೊತೆಗೆ ಸ್ಪರ್ಧೆಗೆ ಮುಂಚೆ ಆ ಜಾಗದ ಹಿಮವನ್ನ ಸಲಿಕೆಯಿಂದ ಕೊಚ್ಚಿ ಮೆತ್ತಗೆ ಮಾಡಿರುತ್ತಾರೆ.

ತಿರುಗುವ ವೇಗ ಹೇಗೆ ಬರುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ರ‍್ಯಾಂಪ್ ಬಿಟ್ಟ ಮೇಲೆ ಗಾಳಿಯಲ್ಲಿ ಹೊಸದಾಗಿ ಶಕ್ತಿ ಸಿಗಲ್ಲ. ಚಿಮ್ಮುವಾಗ ಸಿಕ್ಕ ತಿರುಗುವಿಕೆಯನ್ನೇ ಹಂಚಿಕೊಳ್ಳಬೇಕು. ಕೈಕಾಲು ಮುದುಡಿದರೆ ಬೇಗ ತಿರುಗುತ್ತಾರೆ, ಚಾಚಿದರೆ ನಿಧಾನ ಆಗುತ್ತೆ. ಇಳಿಯುವ ಹೊತ್ತಿಗೆ ಮೈ ಚಾಚುವುದು ಅದಕ್ಕೇ. ಕ್ಷಣ ತಪ್ಪಿದರೆ ತಲೆ ಮೊದಲು ನೆಲ ಕಾಣುತ್ತೆ.

ಅಪಾಯ ಇಲ್ವಾ?

ಖಂಡಿತಾ ಇದೆ. ಕೆನಡಾದ ಸಾರಾ ಬರ್ಕ್, ಹಾಫ್‌ಪೈಪ್ ಒಲಿಂಪಿಕ್ಸ್‌ಗೆ ಸೇರಲೇಬೇಕು ಅಂತ ಪಟ್ಟು ಹಿಡಿದು ಓಡಾಡಿದವರು. ಅವರ ಆಸೆಯಂತೆ 2014ರಿಂದ ಸೇರಿಸಲು ಒಪ್ಪಿಗೆ ಸಿಕ್ಕಿತು. ಆದರೆ 2012ರ ಜನವರಿಯಲ್ಲಿ ಅಮೆರಿಕದ ಪಾರ್ಕ್ ಸಿಟಿಯಲ್ಲಿ ಅಭ್ಯಾಸ ಮಾಡುವಾಗ ಬಿದ್ದು, ಕೆಲ ದಿನಗಳ ನಂತರ ತೀರಿಕೊಂಡರು. ಆಗ ಅವರಿಗೆ 29 ವರ್ಷ. ಹೆಲ್ಮೆಟ್ ಇದ್ದರೂ, ಅನುಭವ ಇದ್ದರೂ ಈ ಆಟದಲ್ಲಿ ಪೆಟ್ಟು ತಪ್ಪಿದ್ದಲ್ಲ. ಮಂಡಿಯ ಲಿಗಮೆಂಟ್ ಹರಿಯುವುದಂತೂ ಸಾಮಾನ್ಯ.

ಹಿಮ ಇಲ್ಲದೆ ಕಲಿಯಬಹುದಾ?

ಪೆಟ್ಟಿನ ಭಯದಿಂದಲೇ ಹೊಸ ಲಾಗಗಳನ್ನ ಮೊದಲು ಹಿಮದ ಮೇಲೆ ಯಾರೂ ಹೊಡೆಯಲ್ಲ. ಮೊದಲು ಜಿಮ್ನಾಸ್ಟಿಕ್ಸ್ ಮ್ಯಾಟ್, ಆಮೇಲೆ ಟ್ರ್ಯಾಂಪೊಲಿನ್, ಆಮೇಲೆ ವಾಟರ್ ರ‍್ಯಾಂಪ್. ವಾಟರ್ ರ‍್ಯಾಂಪ್ ಅಂದರೆ ಪ್ಲಾಸ್ಟಿಕ್ ಹಾಸಿದ ಜಾರುದಾರಿ. ಅದರಿಂದ ಸ್ಕೀ, ಹೆಲ್ಮೆಟ್ ಸಮೇತ ಹಾರಿ ಈಜುಕೊಳಕ್ಕೆ ಬೀಳ್ತಾರೆ. ತಳದಿಂದ ಗಾಳಿಗುಳ್ಳೆ ಬಿಟ್ಟು ನೀರನ್ನ ಮೆದು ಮಾಡಿರುತ್ತಾರೆ. ನೀರಿನಲ್ಲಿ ಪಾಸಾದ ಲಾಗಕ್ಕೆ ಮಾತ್ರ ಹಿಮದ ಮೇಲೆ ಅವಕಾಶ.

ಇದನ್ನ ಚೆನ್ನಾಗಿ ಬಳಸಿಕೊಂಡಿದ್ದು ಬಿಸಿಲಿನ ದೇಶ ಆಸ್ಟ್ರೇಲಿಯಾ. ಅಲ್ಲಿನ ಅಲಿಸಾ ಕ್ಯಾಂಪ್ಲಿನ್ ಜಿಮ್ನಾಸ್ಟ್ ಆಗಿದ್ದವರು. ಹಿಮ ನೋಡಿದ್ದೇ 19ನೇ ವಯಸ್ಸಿನಲ್ಲಿ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಏರಿಯಲ್ಸ್ ಚಿನ್ನ ಅವರ ಕೊರಳಿಗೆ ಬಿತ್ತು. ಹಿಮವೇ ಬೀಳದ ಬ್ರಿಸ್ಬೇನ್ ನಗರದಲ್ಲಿ ಈಗ ವರ್ಷವಿಡೀ ತರಬೇತಿ ಕೊಡುವ ವಾಟರ್ ರ‍್ಯಾಂಪ್ ಇದೆ.

ಕನ್ನಡಿಗರು ಯಾರಾದರೂ ಇದ್ದಾರಾ?

ಒಲಿಂಪಿಕ್ಸ್ ಫ್ರೀಸ್ಟೈಲ್‌ನಲ್ಲಿ ಇದುವರೆಗೆ ಭಾರತದಿಂದ ಯಾರೂ ಸ್ಪರ್ಧಿಸಿಲ್ಲ. ಆದರೆ ಸ್ಕೀಯಿಂಗ್‌ನ ಇನ್ನೊಂದು ಬಗೆಯಾದ ಕ್ರಾಸ್ ಕಂಟ್ರಿಯಲ್ಲಿ ಹೆಸರು ಮಾಡಿರುವವರು ನಮ್ಮ ರಾಜ್ಯದವರೇ, ಕೊಡಗಿನ ತೆಕ್ಕಡ ಭವಾನಿ ನಂಜುಂಡ. ಎನ್‌ಸಿಸಿ, ಪರ್ವತಾರೋಹಣದ ದಾರಿಯಿಂದ ಸ್ಕೀಯಿಂಗ್‌ಗೆ ಬಂದರು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಕಾಫಿ ತೋಟದ ಜಿಲ್ಲೆಯಿಂದ ಹಿಮಕ್ಕೆ ದಾರಿ ಇದೆ ಅಂತಾದರೆ ಅಡಕೆ ತೋಟದ ಜಿಲ್ಲೆಯಿಂದಲೂ ಇರಲೇಬೇಕು.

ಇಲ್ಲಿನ ಮಕ್ಕಳು ಏನು ಮಾಡಬಹುದು?

ಜಿಮ್ನಾಸ್ಟಿಕ್ಸ್, ಡೈವಿಂಗ್: ಲಾಗ ಹೊಡೆಯುವಾಗ ಮೈ ಎಲ್ಲಿದೆ ಅನ್ನೋ ಅರಿವು ಚಿಕ್ಕ ವಯಸ್ಸಿನಲ್ಲೇ ಬರಬೇಕು. ಫ್ರೀಸ್ಟೈಲ್‌ನ ಅರ್ಧ ಪಾಠ ಇಲ್ಲೇ ಮುಗಿಯುತ್ತೆ.

ರೋಲರ್ ಸ್ಕೇಟಿಂಗ್: ಶಿವಮೊಗ್ಗದಲ್ಲಿ ಮಕ್ಕಳು ಈಗಾಗಲೇ ಆಡುವ ಆಟ. ಸಮತೋಲನ, ಅಂಚಿನ ಮೇಲೆ ಭಾರ ಹಾಕಿ ತಿರುಗುವ ರೂಢಿ ಸ್ಕೀಯಿಂಗ್‌ಗೂ ನೆರವಾಗುತ್ತೆ.

ಎನ್‌ಸಿಸಿ: ಪರ್ವತಾರೋಹಣ ಕ್ಯಾಂಪ್‌ಗಳಿಗೆ ಹೋಗಲು ಕಾಲೇಜು ವಿದ್ಯಾರ್ಥಿಗಳಿಗೆ ಇದು ಹತ್ತಿರದ ಬಾಗಿಲು.

ಹಿಮದ ಕೋರ್ಸ್: ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಯಲ್ಲಿ ಹೊಸಬರಿಗೂ ಸ್ಕೀಯಿಂಗ್ ಕಲಿಸುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ಸೀಸನ್. ಗುಲ್ಮಾರ್ಗ್ ಶ್ರೀನಗರದಿಂದ ಸುಮಾರು 50 ಕಿ.ಮೀ. ಮೊದಲ ಸಲ ಹೋದವರು ಕಲಿಯೋದು ನಿಲ್ಲೋದು, ಬ್ರೇಕ್ ಹಾಕೋದು, ತಿರುಗೋದು. ಲಾಗ ಆಮೇಲಿನ ಮಾತು.

ಪೋಷಕರಿಗೆ ಒಂದು ಎಚ್ಚರಿಕೆ. ರೀಲ್ಸ್ ನೋಡಿ ತುಂಗಾ ಸೇತುವೆಯಿಂದಲೋ ಭದ್ರಾ ಚಾನಲ್‌ನ ಏರಿಯಿಂದಲೋ ಲಾಗ ಹೊಡೆಯೋದು ಅಭ್ಯಾಸ ಅಲ್ಲ. ವಾಟರ್ ರ‍್ಯಾಂಪ್‌ನ ಕೊಳದಲ್ಲಿ ಆಳ ಗೊತ್ತಿರುತ್ತೆ, ತರಬೇತುದಾರರು ಇರುತ್ತಾರೆ, ಮೇಲೆತ್ತೋರು ಪಕ್ಕದಲ್ಲೇ ಇರುತ್ತಾರೆ. ಚಾನಲ್‌ನಲ್ಲಿ ಇದ್ಯಾವುದೂ ಇರಲ್ಲ. ಲಾಗದ ಆಸೆ ಇರುವ ಮಗುವನ್ನ ಮೊದಲು ಮ್ಯಾಟ್ ಇರೋ ಕಡೆ ಕರ್ಕೊಂಡು ಹೋಗಿ.