ಚಾರ್ಜ್ ಬಲ್ಬಿಗೆ ಕೈ ಹಚ್ಚಬ್ಯಾಡ್ರಿ

ಹಳೆಯ ಟಾಟಾ ಅಥವಾ ಲೇಲ್ಯಾಂಡ್ ಗಾಡಿಯ ಮೀಟರ್ ಬೋರ್ಡು ಬಿಚ್ಚಿ ಹಿಂದುಮುಂದಾಗಿ ತಿರುಗಿಸಿದರೆ ಎಂಟು-ಹತ್ತು ಸಣ್ಣ ಹೋಲ್ಡರುಗಳು ಕಾಣುತ್ತವೆ. ಕಾಲು ಸುತ್ತು ತಿರುವಿದರೆ ಹೋಲ್ಡರು ಕೈಗೆ ಬರುತ್ತದೆ, ಒಳಗೊಂದು ಬಟಾಣಿ ಗಾತ್ರದ ಬಲ್ಬು. ನೋಡಲು ಎಲ್ಲ ಒಂದೇ ಥರ ಇರುವುದೇ ತೊಂದರೆಯ ಮೂಲ. ಕೆಲವು ಬಲ್ಬು ಮೀಟರಿನ ಮುಖಕ್ಕೆ ಬೆಳಕು ಕೊಡುತ್ತವೆ, ಕೆಲವು ಎಚ್ಚರಿಕೆ ಕೊಡುತ್ತವೆ. ಒಂದೆರಡು ಮಾತ್ರ ಬೆಳಗುವ ನೆಪದಲ್ಲಿ ಬೇರೆಯೇ ಕೆಲಸ ಮಾಡುತ್ತಿರುತ್ತವೆ.

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಇಂಥ ಹಳೆಯ ಗಾಡಿಗಳಿಗೆ ಇನ್ನೂ ಕೈತುಂಬ ಕೆಲಸ. ದೀಪಾವಳಿಯ ಆಸುಪಾಸಿಗೆ ಕಬ್ಬಿನ ಹಂಗಾಮು ಸುರುವಾದರೆ ಕಾರ್ಖಾನೆಯ ಗೇಟಿನ ಮುಂದೆ ರಾತ್ರಿಯೆಲ್ಲ ಸಾಲು. ಸೊಲ್ಲಾಪುರದ ಎಪಿಎಂಸಿಗೆ ಉಳ್ಳಾಗಡ್ಡಿ, ದುಧನಿಯ ಪೇಟೆಗೆ ಕಾಳುಕಡಿ, ಅಕ್ಕಲಕೋಟೆ ರೋಡಿನ ಎಂಐಡಿಸಿಯಿಂದ ಚಾದರದ ಗಂಟು. ಬಹುಪಾಲು ಓಡಾಟ ಕತ್ತಲಲ್ಲೇ. ಮಂಕು ಹಳದಿ ಬೆಳಕಿನಲ್ಲಿ ಮೀಟರಿನ ಮುಳ್ಳು ಕಾಣದೆ ಬೇಸತ್ತ ಡ್ರೈವರು ಎಲ್‌ಇಡಿ ಬಲ್ಬು ತಂದು ಹಾಕುವುದು ಸಹಜವೇ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ, ಹಾಕಲು ಮಿಸ್ತ್ರಿಯೂ ಬೇಕಿಲ್ಲ. ಆದರೆ ಬಲ್ಬಿನ ಜೊತೆ ಒಂದಿಷ್ಟು ತಪ್ಪು ತಿಳಿವಳಿಕೆಯೂ ಪುಕ್ಕಟೆ ಬರುತ್ತದೆ.

“ಬಲ್ಬು ಅಂದ್ರ ಬೆಳಕಿಗಷ್ಟ. ಎಲ್ಲಾ ಒಮ್ಮೆಲೆ ಬದಲಿ ಮಾಡಿಬಿಡೋಣು.”

ಎಲ್ಲಕ್ಕಿಂತ ದುಬಾರಿಯ ತಪ್ಪು ಇದೇ. ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ, ಅಂದರೆ ಚಾರ್ಜ್ ಬಲ್ಬು, ಬರೇ ಬೆಳಕಿಗೆ ಇರುವುದಲ್ಲ.

ನಮ್ಮ ಕಡೆ ಈಗಲೂ ‘ಡೈನಮೊ’ ಎಂದೇ ಕರೆಯುವ ಆಲ್ಟರ್ನೇಟರ್ ತಾನಾಗಿಯೇ ಕರೆಂಟು ಹುಟ್ಟಿಸಲಾರದು. ಅದರೊಳಗೆ ತಿರುಗುವ ರೋಟರಿನಲ್ಲಿ ಕಾಯಂ ಅಯಸ್ಕಾಂತವಿಲ್ಲ, ತಂತಿ ಸುತ್ತಿದ ಕಾಯಿಲ್ ಇದೆ. ಆ ಕಾಯಿಲಿಗೆ ಮೊದಲು ಹೊರಗಿನಿಂದ ಸ್ವಲ್ಪ ಕರೆಂಟು ಸಿಕ್ಕರೆ ಮಾತ್ರ ಅದು ಅಯಸ್ಕಾಂತವಾಗುತ್ತದೆ, ಆಮೇಲೆ ಮುಂದಿನ ಕೆಲಸ. ಹಳೆಯ ಗಾಡಿಗಳಲ್ಲಿ ಆ ಮೊದಲ ಕರೆಂಟು ಬರುವ ದಾರಿಯೇ ಚಾರ್ಜ್ ಬಲ್ಬು: ಬ್ಯಾಟರಿಯಿಂದ ಚಾವಿಗೆ, ಚಾವಿಯಿಂದ ಬಲ್ಬಿಗೆ, ಬಲ್ಬಿನಿಂದ ಆಲ್ಟರ್ನೇಟರಿಗೆ. ಚಾವಿ ಹಾಕಿದಾಗ ದೀಪ ಹತ್ತುವುದು ಆ ದಾರಿಯಲ್ಲಿ ಕರೆಂಟು ಹರಿಯುತ್ತಿರುವುದರಿಂದ. ಇಂಜಿನ್ ಸುರುವಾಗಿ ಆಲ್ಟರ್ನೇಟರ್ ಕೆಲಸಕ್ಕೆ ಇಳಿದ ಮೇಲೆ ಬಲ್ಬಿನ ಎರಡೂ ಬದಿಗೆ ಒಂದೇ ವೋಲ್ಟೇಜು ಬರುತ್ತದೆ, ಹರಿವು ನಿಲ್ಲುತ್ತದೆ, ದೀಪ ಆರುತ್ತದೆ.

ಲೆಕ್ಕ ನೋಡಿ. 12 ವೋಲ್ಟಿನ 3 ವ್ಯಾಟ್ ತಂತಿ ಬಲ್ಬಿನಲ್ಲಿ 250 ಮಿಲಿ ಆಂಪಿಯರ್ ಹರಿಯುತ್ತದೆ. ಅದೇ ಜಾಗದ ಸಣ್ಣ ಎಲ್‌ಇಡಿಯಲ್ಲಿ ಹರಿಯುವುದು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು. ಕಣ್ಣಿಗೆ ದೀಪ ಮೊದಲಿಗಿಂತ ಜೋರು, ಕಾಯಿಲಿಗೆ ಸಿಕ್ಕಿದ್ದು ಹತ್ತರಲ್ಲಿ ಒಂದು ಪಾಲು. ಇಂಜಿನ್ ನಿಧಾನಗತಿಯಲ್ಲಿ ಇರುವಷ್ಟು ಹೊತ್ತು ಆಲ್ಟರ್ನೇಟರ್ ಸುಮ್ಮನೆ ತಿರುಗುತ್ತದೆ, ಚಾರ್ಜು ಶೂನ್ಯ. ಒಂದು ಸಲ ಜೋರಾಗಿ ರೇಸ್ ಕೊಟ್ಟರೆ ರೋಟರಿನ ಕಬ್ಬಿಣದಲ್ಲಿ ಉಳಿದ ಅಲ್ಪಸ್ವಲ್ಪ ಕಾಂತಶಕ್ತಿಯಿಂದಲೇ ಅದು ಎಚ್ಚೆತ್ತುಕೊಳ್ಳಬಹುದು. “ರೇಸ್ ಕೊಟ್ರ ಚಾರ್ಜ್ ಆಗ್ತದ, ಇಲ್ಲಾಂದ್ರ ಇಲ್ಲ” ಎಂದು ಆಲ್ಟರ್ನೇಟರ್ ಬಿಚ್ಚಿಸಿ, ಕಾರ್ಬನ್ ಬ್ರಶ್ ಹೊಸದು ಹಾಕಿಸಿ, ಕಡೆಗೆ ಬ್ಯಾಟರಿಯನ್ನೇ ಬದಲಿಸುವವರು ಹಿಂದಿನ ವಾರ ಹಾಕಿದ ಸಣ್ಣ ಬಲ್ಬನ್ನು ನೆನಪಿಸಿಕೊಳ್ಳುವುದೇ ಇಲ್ಲ.

ಎಲ್‌ಇಡಿಯನ್ನು ಉಲ್ಟಾ ಹಾಕಿದರಂತೂ ಇನ್ನೂ ಕೆಟ್ಟದ್ದು. ತಂತಿ ಬಲ್ಬಿಗೆ ಪ್ಲಸ್ಸು-ಮೈನಸ್ಸಿನ ಹಂಗಿಲ್ಲ, ಎಲ್‌ಇಡಿಗೆ ಇದೆ. ಉಲ್ಟಾ ಕೂತ ಎಲ್‌ಇಡಿ ಹತ್ತುವುದೂ ಇಲ್ಲ, ಕಾಯಿಲಿಗೆ ಕರೆಂಟು ಬಿಡುವುದೂ ಇಲ್ಲ. ಕೆಂಪು ದೀಪ ಇಲ್ಲವಲ್ಲ, ಎಲ್ಲ ಸರಿಯಿದೆ ಎಂದುಕೊಂಡು ರಾತ್ರಿಯಿಡೀ ಹೆಡ್‌ಲೈಟ್ ಹಚ್ಚಿ ಓಡಿಸಿದರೆ, ಖರ್ಚಾಗುವುದು ಬ್ಯಾಟರಿಯಲ್ಲಿ ಉಳಿದದ್ದು ಮಾತ್ರ.

ಪರಿಹಾರ ಸರಳ: ಆ ಒಂದು ಹೋಲ್ಡರಿನಲ್ಲಿ ತಂತಿ ಬಲ್ಬೇ ಇರಲಿ. ಎಲ್‌ಇಡಿಯೇ ಬೇಕೆಂಬ ಹಟವಿದ್ದರೆ ಅದರ ಪಕ್ಕದಲ್ಲಿ ಒಂದು ರೆಸಿಸ್ಟರ್ ಪ್ಯಾರಲಲ್ ಆಗಿ ಜೋಡಿಸಬೇಕು. 3 ವ್ಯಾಟ್ ಬಲ್ಬಿನ ಬದಲಿಗಾದರೆ 12 ವೋಲ್ಟಿಗೆ 47 ಓಮ್, 24 ವೋಲ್ಟಿಗೆ 180ರಿಂದ 220 ಓಮ್, ಎರಡಕ್ಕೂ 5 ವ್ಯಾಟ್ ತಡೆಯುವಂಥದ್ದು. ಅದು ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕಿಗೆ ತಾಗಿಸಿ ಇಡಬಾರದು. ಕೆಲವು ಗಾಡಿಗಳಲ್ಲಿ ಕಂಪನಿಯವರೇ ಮೀಟರಿನ ಹಿಂದೆ ಇಂಥ ರೆಸಿಸ್ಟರ್ ಕೂರಿಸಿರುತ್ತಾರೆ, ಅಲ್ಲಿ ಎಲ್‌ಇಡಿ ಹಾಕಿದರೆ ತೊಂದರೆಯಿಲ್ಲ. ನಿಮ್ಮ ಗಾಡಿ ಯಾವ ಥರದ್ದೆಂದು ತಿಳಿಯಬೇಕೇ? ಇಂಜಿನ್ ಬಂದ್ ಇರುವಾಗ ಚಾರ್ಜ್ ಬಲ್ಬು ಕಿತ್ತಿಟ್ಟು, ಆಮೇಲೆ ಸುರು ಮಾಡಿ, ರೇಸ್ ಕೊಡದೆ ಬ್ಯಾಟರಿಗೆ ಮೀಟರ್ ಹಿಡಿಯಿರಿ. ವೋಲ್ಟೇಜು ಏರದಿದ್ದರೆ ಬಲ್ಬೇ ದಾರಿ.

ಇನ್ನೊಂದು ದೂರು: ಗಾಡಿ ಓಡುವಾಗಲೂ ಚಾರ್ಜ್ ಜಾಗದ ಎಲ್‌ಇಡಿ ಮಂದವಾಗಿ ಮಿಣುಕುತ್ತದೆ. ಹಾಗೆ ಮಿಣುಕಿದರೆ ಎಲ್‌ಇಡಿಯನ್ನು ಬೈಯಬೇಡಿ. ಬಲ್ಬಿನ ಎರಡು ಬದಿಯ ವೋಲ್ಟೇಜಿನಲ್ಲಿ ಸಣ್ಣ ವ್ಯತ್ಯಾಸ ಉಳಿದಿದೆ ಎಂದರ್ಥ. ತಂತಿ ಬಲ್ಬು ಅಷ್ಟಕ್ಕೆ ಕೆಂಪಾಗುವುದಿಲ್ಲ, ಎಲ್‌ಇಡಿ ಹತ್ತುತ್ತದೆ. ಆಲ್ಟರ್ನೇಟರಿನ ಡಯೋಡು ಸೋಲುತ್ತಿರಬಹುದು, ಚಾವಿಯ ಕಾಂಟ್ಯಾಕ್ಟು ಸವೆದಿರಬಹುದು.

“ಎಡಕ್ಕ ಸಿಗ್ನಲ್ ತೋರಸ್ತದ, ಬಲಕ್ಕ ತೋರಸಂಗಿಲ್ಲ. ಬಲ್ಬು ಡುಪ್ಲಿಕೇಟ್ ಅದ.”

ಬಲ್ಬು ಅಸಲಿಯೇ ಇರಬಹುದು. ಎಷ್ಟೋ ಹಳೆಯ ಡ್ಯಾಶ್‌ಬೋರ್ಡುಗಳಲ್ಲಿ ಎರಡೂ ಬದಿಯ ಸಿಗ್ನಲ್ಲಿಗೆ ಹಸಿರು ದೀಪ ಒಂದೇ. ಅದರ ಒಂದು ತುದಿ ಎಡಗಡೆಯ ತಂತಿಗೆ, ಇನ್ನೊಂದು ತುದಿ ಬಲಗಡೆಯ ತಂತಿಗೆ. ನೇರ ಅರ್ಥಿಂಗೇ ಇಲ್ಲ. ಎಡಕ್ಕೆ ಹಾಕಿದಾಗ ಕರೆಂಟು ಎಡದಿಂದ ಬಂದು, ದೀಪ ದಾಟಿ, ಬಲಗಡೆಯ ಹೊರಗಿನ 21 ವ್ಯಾಟ್ ಬಲ್ಬುಗಳ ಮೂಲಕ ನೆಲ ಮುಟ್ಟುತ್ತದೆ. ಆ ಕರೆಂಟು ಎಷ್ಟು ಕಮ್ಮಿಯೆಂದರೆ ಹೊರಗಿನವು ಹತ್ತುವುದಿಲ್ಲ. ಬಲಕ್ಕೆ ಹಾಕಿದರೆ ಹರಿವು ಉಲ್ಟಾ. ಒಂದೇ ದಿಕ್ಕಿಗೆ ಒಪ್ಪುವ ಎಲ್‌ಇಡಿ ಇಲ್ಲಿ ಅರ್ಧ ಕೆಲಸ ಮಾಡಿ ಸುಮ್ಮನಾಗುತ್ತದೆ. ತಿರುಗಿಸಿ ಹಾಕಿದರೆ ಇನ್ನೊಂದು ಬದಿ ಹತ್ತುತ್ತದೆ, ಮೊದಲಿನದು ಹೋಗುತ್ತದೆ. ಹಿಂಗ ಹಾಕು, ಹಂಗ ಹಾಕು ಎಂದು ಕ್ಲೀನರ್ ಹುಡುಗನಿಗೆ ಬೈಯುತ್ತ ಮಧ್ಯಾಹ್ನ ಕಳೆಯುವ ಬದಲು, ಎರಡೂ ದಿಕ್ಕಿಗೆ ಹತ್ತುವ ಎಲ್‌ಇಡಿ ಕೇಳಿ ತನ್ನಿ, ಇಲ್ಲವೇ ಹಳೆಯ ಬಲ್ಬನ್ನೇ ಅಲ್ಲಿ ಬಿಡಿ.

ಸಿಗ್ನಲ್ ಪಟಪಟ ಬಡಿದುಕೊಳ್ಳುವ ದೂರು ಬೇರೆ. ಅದಕ್ಕೆ ಮೀಟರಿನ ದೀಪ ಕಾರಣವಲ್ಲ. ಹೊರಗಿನ 21 ವ್ಯಾಟ್ ಬಲ್ಬುಗಳನ್ನು ಎಲ್‌ಇಡಿ ಮಾಡಿದ್ದಕ್ಕೆ ಫ್ಲ್ಯಾಶರಿಗೆ ಲೋಡು ಸಾಲದೆ ಆಗುವುದು.

“ಎರಡು ಬ್ಯಾಟರಿ ಅವ ಅಂದ್ರ 24 ವೋಲ್ಟ್.”

ಬಹುತೇಕ ಹೌದು, ಯಾವಾಗಲೂ ಅಲ್ಲ. ಎರಡು ಬ್ಯಾಟರಿಯನ್ನು ಸೀರೀಸ್ ಜೋಡಿಸಿದರೆ 24, ಪ್ಯಾರಲಲ್ ಜೋಡಿಸಿದರೆ 12. ಇಷ್ಟು ವರ್ಷ ಕೈಬದಲಾದ ಗಾಡಿಯಲ್ಲಿ ಯಾರು ಏನು ಮಾಡಿದ್ದಾರೋ. ಎಣಿಸುವ ಬದಲು ಅಳೆಯಿರಿ. ಇಂಜಿನ್ ಓಡುವಾಗ 12 ವೋಲ್ಟಿನ ಗಾಡಿಯಲ್ಲಿ ಸುಮಾರು 14, 24 ವೋಲ್ಟಿನದರಲ್ಲಿ ಸುಮಾರು 28 ತೋರಿಸುತ್ತದೆ. ಬರೇ 12 ಎಂದು ಬರೆದ ಎಲ್‌ಇಡಿಯನ್ನು 24ಕ್ಕೆ ಹಾಕಿದರೆ ಒಂದು ಕ್ಷಣ ಭರ್ಜರಿ ಬೆಳಕು, ಆಮೇಲೆ ಸುಟ್ಟ ವಾಸನೆ.

“ಎಲ್‌ಇಡಿ ಹಾಕಿದ್ರ ಡೀಜೆಲ್ ಉಳೀತದ.”

ಉಳಿಯುತ್ತದೆ, ಚಹಾದ ಒಂದು ಕಪ್ಪಿನಷ್ಟು. ಎಂಟು ಬಲ್ಬು, ತಲಾ 3 ವ್ಯಾಟ್ ಎಂದರೆ 24 ವ್ಯಾಟ್. ಎಲ್‌ಇಡಿಯಾದರೆ ಒಟ್ಟು ನಾಲ್ಕು. ಉಳಿದದ್ದು 20 ವ್ಯಾಟ್, ಹತ್ತು ತಾಸಿಗೆ ಒಂದು ಯೂನಿಟ್ಟಿನ ಐದನೇ ಒಂದು ಭಾಗ. ಒಂದು ಲೀಟರ್ ಡೀಜೆಲಿನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿಯಿದ್ದರೂ ಇಂಜಿನ್ನು, ಬೆಲ್ಟು, ಆಲ್ಟರ್ನೇಟರು ತಮ್ಮತಮ್ಮ ಪಾಲು ತಿಂದು ಕರೆಂಟಾಗಿ ಕೈಗೆ ಬರುವುದು ಎರಡು ಯೂನಿಟ್ಟಿನ ಆಸುಪಾಸು. ಅಂದರೆ ಇಡೀ ರಾತ್ರಿಯ ಉಳಿತಾಯ 100 ಮಿಲಿ. ಅಷ್ಟು ಹೊತ್ತಿಗೆ ಗಾಡಿ ನೂರು ಲೀಟರ್ ಕುಡಿದಿರುತ್ತದೆ. ಟೈರಿನ ಹವಾ ಸರಿಯಿಟ್ಟರೆ ಇದಕ್ಕಿಂತ ಹೆಚ್ಚು ಉಳಿಯುತ್ತದೆ. ಕಾರ್ಖಾನೆಯ ಯಾರ್ಡಿನಲ್ಲಿ ಇಂಜಿನ್ ಬಂದ್ ಮಾಡಿ ಪಾರ್ಕಿಂಗ್ ದೀಪ ಹಚ್ಚಿ ನಿಂತಾಗ ಬ್ಯಾಟರಿಗೆ ಸ್ವಲ್ಪ ಹಗುರಾಗುವುದು ನಿಜ, ಆದರೆ ಅಲ್ಲಿ ಹೆಚ್ಚು ತಿನ್ನುವುದು ಹೊರಗಿನ ದೀಪಗಳೇ ಹೊರತು ಮೀಟರಿನವಲ್ಲ.

“ಎಷ್ಟು ಬೆಳ್ಳಗ ಇರ್ತದೋ ಅಷ್ಟು ಛಲೋ ಕಾಣ್ತದ.”

ಮೀಟರು ಛಲೋ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ತಾಸಾದರೂ ಬೇಕು, ಅದನ್ನು ಕೆಡಿಸಲು ಒಂದು ಪ್ರಖರ ದೀಪ ಸಾಕು. ಅದರಲ್ಲೂ ಕಣ್ಣಿನ ಕತ್ತಲೆ ನೋಟವನ್ನು ಹೆಚ್ಚು ಹಾಳುಮಾಡುವುದು ನೀಲಿ ಬೆಳಕು, ಕಡಿಮೆ ಹಾಳುಮಾಡುವುದು ಕೆಂಪು. ಬಿಳಿ ಎಲ್‌ಇಡಿ ಎಂದರೆ ಅಸಲಿಗೆ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪ. ಆ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಬೆಳ್ಳಗೆ ಕಂಡರೂ ಅದರಲ್ಲಿ ನೀಲಿಯ ಪಾಲು ದೊಡ್ಡದು. ಅಕ್ಕಲಕೋಟೆಯ ದಾರಿಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ನಡೆದು ಹೊರಟವರು, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರು, ಎತ್ತಿನ ಗಾಡಿ ಇವೆಲ್ಲ ಇರುತ್ತವೆ. ಮುಂದಿನ ಗಾಜಿನಲ್ಲಿ ಮೀಟರಿನ ಬಿಳಿ ನೆರಳು ಕುಣಿಯುತ್ತಿದ್ದರೆ ಅವರು ಕಾಣುವುದು ತಡವಾಗಿ. ಹಳದಿ ಛಾಯೆಯ, ಕಡಿಮೆ ವ್ಯಾಟಿನ ಎಲ್‌ಇಡಿ ಆರಿಸಿ. ಬೆಳಕು ಏರಿಳಿಸುವ ಹಳೆಯ ತಿರುಗು ಗುಬುಟನ್ನು ನಂಬಬೇಡಿ. ಅದು ತಂತಿ ಬಲ್ಬಿನ ಲೋಡಿಗೆ ಮಾಡಿದ್ದು, ಎಲ್‌ಇಡಿ ಅದಕ್ಕೆ ಸರಿಯಾಗಿ ತಗ್ಗುವುದಿಲ್ಲ.

ಇದೇ ನೀಲಿಯ ಕಾರಣಕ್ಕೆ ಇನ್ನೊಂದು ಎಡವಟ್ಟೂ ಆಗುತ್ತದೆ. ಆಯಿಲ್ ಪ್ರೆಶರಿನ ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಕೆಂಪು ಮಂಕಾಗಿ, ಹಗಲು ಬಿಸಿಲಿನಲ್ಲಿ ಹತ್ತಿದೆಯೋ ಇಲ್ಲವೋ ತಿಳಿಯದಂತಾಗುತ್ತದೆ. ಗಾಜು ಕೆಂಪನ್ನಷ್ಟೇ ಹೊರಗೆ ಬಿಡುತ್ತದೆ, ಬಿಳಿ ಎಲ್‌ಇಡಿಯಲ್ಲಿ ಕೆಂಪೇ ಕಮ್ಮಿ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಹಸಿರಿಗೆ ಹಸಿರು.

“ಒಮ್ಮೆ ಹಾಕಿದ್ರ ಐವತ್ತು ಸಾವಿರ ತಾಸು ನೋಡೋದ ಬ್ಯಾಡ.”

ಡಬ್ಬಿಯ ಮೇಲಿನ ಆ ಅಂಕಿ ತಣ್ಣಗಿನ ಲ್ಯಾಬಿನ ಚಿಪ್ಪಿನದು. ತಂತಿಯಿಲ್ಲದ ಕಾರಣ ಗುಂಡಿ ಬಿದ್ದ ರಸ್ತೆಯ ಕುಲುಕಾಟವನ್ನು ಎಲ್‌ಇಡಿ ಚೆನ್ನಾಗಿ ತಡೆಯುತ್ತದೆ, ಅದನ್ನು ಒಪ್ಪಬೇಕು. ತಡೆಯಲಾರದ್ದು ಬಿಸಿ. ಸೊಲ್ಲಾಪುರದ ಮೇ ತಿಂಗಳಲ್ಲಿ ನೆರಳಿನಲ್ಲೇ 42 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಕ್ಯಾಬಿನ್ನಿನ ಮೀಟರ್ ಡಬ್ಬಿಯೊಳಗೆ ಇನ್ನೆಷ್ಟೋ. ಎಲ್‌ಇಡಿ ಬಿಸಿಯೇ ಆಗುವುದಿಲ್ಲ ಎನ್ನುವುದೂ ಅರ್ಧ ಸತ್ಯ. ಮುಂದಕ್ಕೆ ಬಿಸಿ ಚೆಲ್ಲುವುದಿಲ್ಲ, ಬುಡದಲ್ಲಿ ಇಟ್ಟುಕೊಳ್ಳುತ್ತದೆ.

ಫ್ಯೂಜಿನ ಮಾತು ಒಂದೇ ಸಾಲಿಗೆ ಸಾಕು: ಫ್ಯೂಜ್ ಇರುವುದು ತಂತಿ ಸುಡದಿರಲಿ ಎಂದು, ಬಲ್ಬು ಬದಲಾದರೂ ತಂತಿ ಅದೇ, ಫ್ಯೂಜೂ ಅದೇ ಇರಬೇಕು. ಆರ್‌ಟಿಒ ಭಯವೂ ಇಲ್ಲಿ ಹೆಚ್ಚಿನ ಪಾಲು ಸುಳ್ಳು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ತಡೆಯುವುದು ನೋಂದಣಿ ಪತ್ರದ ವಿವರವೇ ಬದಲಾಗುವಂಥ ಮಾರ್ಪಾಡನ್ನು, ಮೀಟರಿನ ಹಿಂದಿನ ಬಲ್ಬು ಆ ಲೆಕ್ಕಕ್ಕೆ ಬರುವುದಿಲ್ಲ. ಹ್ಯಾಲೋಜನ್ನಿಗೆ ಮಾಡಿದ ಹೆಡ್‌ಲೈಟ್ ಡೂಮಿಗೆ ಎಲ್‌ಇಡಿ ತುರುಕಿ ಎದುರಿನವನ ಕಣ್ಣು ಕುಕ್ಕಿಸುವುದು ಮಾತ್ರ ಬೇರೆ ಮಾತು, ಫಿಟ್‌ನೆಸ್ಸಿನಲ್ಲಿ ಪ್ರಶ್ನೆ ಏಳುವುದು ಅಲ್ಲಿ.

“ಎಲ್‌ಇಡಿ ಹಾಕಿದ ಮ್ಯಾಲೆ ಡೀಜೆಲ್ ಮುಳ್ಳು ನೆಟ್ಟಗಾತು.”

ಲೈಟ್ ಹಾಕಿದೊಡನೆ ಡೀಜೆಲಿನ ಮುಳ್ಳು, ಟೆಂಪರೇಚರಿನ ಮುಳ್ಳು ಎರಡೂ ಒಟ್ಟಿಗೆ ಜರುಗುವ ಗಾಡಿಗಳಿವೆ. ಎಲ್‌ಇಡಿ ಹಾಕಿದ ಮೇಲೆ ಅದು ನಿಂತರೆ ಎಲ್‌ಇಡಿಯಿಂದ ಮೀಟರ್ ರಿಪೇರಿಯಾಯಿತು ಎಂಬ ಕೀರ್ತಿ. ಮುಳ್ಳಿಗೂ ಬಲ್ಬಿಗೂ ನೇರ ಸಂಬಂಧವಿಲ್ಲ. ಎರಡಕ್ಕೂ ಮೀಟರ್ ಬೋರ್ಡಿನ ಅರ್ಥಿಂಗ್ ತಂತಿ ಒಂದೇ. ಆ ಜೋಡಣೆಯಲ್ಲಿ ತುಕ್ಕು ಹಿಡಿದಿದ್ದರೆ ಬಲ್ಬುಗಳ ಕರೆಂಟು ಅಲ್ಲಿ ಸಲೀಸಾಗಿ ಇಳಿಯದೆ ಸ್ವಲ್ಪ ವೋಲ್ಟೇಜು ನಿಲ್ಲುತ್ತದೆ, ಮುಳ್ಳು ತಪ್ಪು ಹೇಳುತ್ತದೆ. ಎಲ್‌ಇಡಿಯ ಕರೆಂಟು ಕಮ್ಮಿಯಾದ್ದರಿಂದ ದೋಷ ಕಾಣದಾಯಿತು, ಹೋಗಲಿಲ್ಲ. ಮೀಟರ್ ಹೇಗೂ ಬಿಚ್ಚಿದ್ದೀರಿ, ಬ್ಯಾಟರಿಯ ತಂತಿ ಕಳಚಿಟ್ಟು ಆ ಅರ್ಥಿಂಗ್ ಸ್ಕ್ರೂವನ್ನೂ ಬಿಚ್ಚಿ. ರಿಂಗು, ಅದು ಕೂರುವ ಬಾಡಿಯ ಜಾಗ ಎರಡನ್ನೂ ಪಾಲಿಶ್ ಕಾಗದದಿಂದ ಹೊಳೆಯುವಂತೆ ತಿಕ್ಕಿ ಬಿಗಿ ಮಾಡಿ. ಹೋಲ್ಡರುಗಳನ್ನು ವಾಪಸು ಕೂರಿಸುವಾಗ ಕೈ ಹಗುರ ಇರಲಿ, ಬಿಸಿಲು ತಿಂದ ಹಳೆಯ ಪ್ಲಾಸ್ಟಿಕ್ಕು ಚಟ್ಟನೆ ಮುರಿಯುತ್ತದೆ. ಎಲ್ಲ ಜೋಡಿಸಿ ಪ್ಯಾನೆಲ್ ಮುಚ್ಚುವ ಮುಂಚೆ ಚಾವಿ ಹಾಕಿ ಒಂದೊಂದೇ ದೀಪ ನೋಡಿ, ಇಂಜಿನ್ ಸುರು ಮಾಡಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. 14 ಅಥವಾ 28ರ ಹತ್ತಿರ ನಿಂತರೆ ಸ್ಕ್ರೂ ಹಾಕಬಹುದು.