ಮಧ್ಯಸ್ಥರ ಪಾಲು ಎಷ್ಟು?

ಪ್ರಶ್ನೆ: ಗೋರೆಗಾಂವ್‌ನ ನಮ್ಮ ಸಂಘದ ಸ್ಮರಣ ಸಂಚಿಕೆಗೆ ಅಂತರ್ಜಾಲದ ಮೂಲಕ ಚಿತ್ರಕಾರರನ್ನು ಗೊತ್ತುಮಾಡಿದರೆ, ಒಪ್ಪಿದ ಸಂಭಾವನೆಗಿಂತ ಅಧಿಕ ಹಣ ತೆರಬೇಕಾಗುವುದೇಕೆ?

ಉತ್ತರ: ಕಲಾವಿದರನ್ನೂ ಗ್ರಾಹಕರನ್ನೂ ಬೆಸೆಯುವ ಅಂತರ್ಜಾಲ ವೇದಿಕೆಗಳು ಬಹುಮಟ್ಟಿಗೆ ಉಭಯಪಕ್ಷಗಳಿಂದಲೂ ಶುಲ್ಕ ಪಡೆಯುವುದೇ ಇದಕ್ಕೆ ಕಾರಣ. ಫೈವರ್ ಸಂಸ್ಥೆಯ ಕ್ರಮದಂತೆ 10,000 ರೂಪಾಯಿಯ ಕೆಲಸಕ್ಕೆ ಶೇ. 5.5ರ ಸೇವಾಶುಲ್ಕ ಸೇರಿ ತಾವು 10,550 ತೆತ್ತರೂ, ಶೇ. 20ರ ಕಡಿತವಾಗಿ ಕಲಾವಿದರ ಕೈಸೇರುವುದು 8,000 ಮಾತ್ರ. ಅಲ್ಪಮೊತ್ತದ ಕೆಲಸಗಳಿಗೆ ಪ್ರತ್ಯೇಕ ಶುಲ್ಕವೂ ಉಂಟಾದುದರಿಂದ, ಮುಖಪುಟ, ಒಳಚಿತ್ರ, ಆಮಂತ್ರಣಗಳನ್ನು ಬಿಡಿಬಿಡಿಯಾಗಿ ಒಪ್ಪಿಸದೆ ಒಂದೇ ಕರಾರಿನಲ್ಲಿ ಅಡಕಗೊಳಿಸುವುದೂ, ಡಾಲರಿನಲ್ಲಿ ಪಾವತಿಸುವುದಾದರೆ ಬ್ಯಾಂಕಿನ ವಿನಿಮಯ ವೆಚ್ಚವನ್ನು ಮೊದಲೇ ವಿಚಾರಿಸುವುದೂ ಹಿತಕರ. ವೇದಿಕೆಯಲ್ಲಿ ಪರಿಚಿತರಾದವರಿಗೆ ಹೊರಗಿನಿಂದ ಹಣ ಸಲ್ಲಿಸುವುದು ನಿಯಮೋಲ್ಲಂಘನೆ. ಆದುದರಿಂದ ತಾವು ಸಂಘದ ಬಳಗದಲ್ಲೇ ಕುಶಲರನ್ನು ಅರಸಿ, ಲಿಖಿತ ಒಪ್ಪಂದ ಮಾಡಿಕೊಂಡು, ಉಳಿತಾಯವಾದ ಶುಲ್ಕದಲ್ಲೊಂದಂಶವನ್ನು ಅವರ ಸಂಭಾವನೆಗೇ ಕೂಡಿಸುವುದು ನ್ಯಾಯವೂ ಹೌದು, ಲಾಭವೂ ಹೌದು.