ರಿಟರ್ನ್ ಕಳುಹಿಸಿದ್ದಾಯಿತು, ತಲುಪಿತೇ?

ಆದಾಯ ತೆರಿಗೆಯ ರಿಟರ್ನ್ ತುಂಬಿ ‘ಸಬ್ಮಿಟ್’ ಗುಂಡಿ ಒತ್ತಿದ ಕೂಡಲೇ ಹಲವರು ಹಗುರಾಗಿಬಿಡುತ್ತಾರೆ. ಈ ವರ್ಷದ ತಲೆನೋವು ಕಳೆಯಿತು ಎಂಬ ಭಾವ. ಆದರೆ ಅಲ್ಲಿಗೆ ಮುಗಿದಿರುವುದು ಅರ್ಧ ಕೆಲಸ ಮಾತ್ರ. ‘ಇದನ್ನು ಸಲ್ಲಿಸಿದವನು ನಾನೇ’ ಎಂದು ತೆರಿಗೆದಾರ ದೃಢೀಕರಿಸುವವರೆಗೆ ಅದು ಪೂರ್ಣ ರಿಟರ್ನ್ ಅಲ್ಲ. ದೃಢೀಕರಣವೇ ಆಗದಿದ್ದರೆ, ಕಾನೂನಿನ ಕಣ್ಣಿನಲ್ಲಿ ಆ ರಿಟರ್ನ್ ಸಲ್ಲಿಕೆಯಾಗಿಯೇ ಇಲ್ಲ.

ಈ ಸಣ್ಣ ಮರೆವಿನ ಬಿಸಿ ಹೆಚ್ಚಾಗಿ ತಟ್ಟುವುದು ಓದುವ ಮಕ್ಕಳಿರುವ ಮನೆಗೆ. ಶಿಕ್ಷಣ ಸಾಲ ಕೇಳಲು ಹೋದಾಗ ಬ್ಯಾಂಕುಗಳು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಹಿಂದಿನ ವರ್ಷಗಳ ರಿಟರ್ನ್ ಪ್ರತಿ ಕೇಳುತ್ತವೆ. ವಿದೇಶದಲ್ಲಿ ಓದಲು ಹೊರಟವರ ವೀಸಾ ಅರ್ಜಿಗೂ ಅದು ಬೇಕಾಗುವುದುಂಟು. ಕಾಲೇಜಿನ ಶುಲ್ಕ ಕಟ್ಟಲು ನಾಲ್ಕು ದಿನ ಉಳಿದಿರುವಾಗ ‘ನಿಮ್ಮ ರಿಟರ್ನ್ ದೃಢೀಕರಣವಾಗಿಲ್ಲ’ ಎಂಬ ಮಾತು ಕೇಳಿಬಂದರೆ ಮನೆಮಂದಿಯ ಪಾಡು ಹೇಳತೀರದು.

ಮುದ್ರೆ ಹೋಯಿತು, ಸಂಖ್ಯೆ ಬಂತು

ಹಿಂದೆ ಇಂಥ ಗೊಂದಲ ಇರಲಿಲ್ಲ. 1998ರಲ್ಲಿ ‘ಸರಳ್’ ಎಂಬ ಒಂದು ಪುಟದ ನಮೂನೆ ಬಂದಾಗಲೂ ತೆರಿಗೆದಾರ ಕಚೇರಿಯ ಕೌಂಟರಿನ ಮುಂದೆ ಸಾಲಿನಲ್ಲಿ ನಿಲ್ಲಬೇಕಿತ್ತು. ಗುಮಾಸ್ತರು ಕಾಗದ ತೆಗೆದುಕೊಂಡು ಸ್ವೀಕೃತಿಯ ಮೇಲೆ ಮುದ್ರೆ ಒತ್ತಿ ಕೊಡುತ್ತಿದ್ದರು. ಆ ಮುದ್ರೆಯೇ ಸಾಕ್ಷಿ. ಸಾಲಿನಲ್ಲಿ ನಿಂತ ಬೇಸರವಿದ್ದರೂ ‘ತಲುಪಿತೋ ಇಲ್ಲವೋ’ ಎಂಬ ಅನುಮಾನ ಉಳಿಯುತ್ತಿರಲಿಲ್ಲ.

ಈಗ ಸಾಲೂ ಇಲ್ಲ, ಮುದ್ರೆಯೂ ಇಲ್ಲ. 2009ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ದೇಶದ ಮೂಲೆಮೂಲೆಯ ರಿಟರ್ನ್‌ಗಳು ಪರಿಶೀಲನೆಯಾಗುತ್ತವೆ. ಬೀದರಿನ ಅಂಗಡಿಯವರದ್ದೂ, ಅಸ್ಸಾಮಿನ ಶಿಕ್ಷಕಿಯದ್ದೂ ಸೇರುವುದು ಇಲ್ಲಿಗೇ. ಆದರೆ ‘ತಲುಪಿತು’ ಎಂದು ಎದುರು ಕುಳಿತು ಹೇಳುವ ಗುಮಾಸ್ತರಿಲ್ಲ. ನೋಡಿಕೊಳ್ಳುವ ಹೊಣೆ ತೆರಿಗೆದಾರನದೇ.

ಎರಡು ಹಾಳೆಗಳ ವ್ಯತ್ಯಾಸ

ಹೆಚ್ಚಿನವರು ಮೋಸಹೋಗುವುದು ಇಲ್ಲಿ. ರಿಟರ್ನ್ ಸಲ್ಲಿಸಿದೊಡನೆ, ದೃಢೀಕರಣಕ್ಕೆ ಮೊದಲು ಕೈಗೆ ಸಿಗುವ ಹಾಳೆಯ ಹೆಸರು ಐ.ಟಿ.ಆರ್.-ವಿ. ಅದರಲ್ಲಿ ಹೆಸರು, ಪ್ಯಾನ್, 15 ಅಂಕೆಗಳ ಸ್ವೀಕೃತಿ ಸಂಖ್ಯೆ ಎಲ್ಲವೂ ಇರುತ್ತದೆ. ಇದೇ ರಸೀದಿ ಎಂದುಕೊಂಡು ಕಡತಕ್ಕೆ ಸೇರಿಸುವವರು ಬಹಳ. ಆದರೆ ಅದು ಸಹಿಗಾಗಿ ಕಾದಿರುವ ದೃಢೀಕರಣ ಪತ್ರ ಮಾತ್ರ. ದೃಢೀಕರಣ ಮುಗಿದ ಮೇಲೆ ಸಿಗುವ ‘ಅಕ್ನಾಲೆಜ್‌ಮೆಂಟ್’ ಎಂಬ ಹಾಳೆಯೇ ನಿಜವಾದ ಸ್ವೀಕೃತಿ. ಬ್ಯಾಂಕಿಗೆ ಕೊಡಬೇಕಾದದ್ದು ಇದನ್ನು.

ಸಂಬಳ ಕೊಟ್ಟವರು ನೀಡುವ ತೆರಿಗೆ ಕಡಿತದ ಪ್ರಮಾಣಪತ್ರವಾಗಲಿ, ಬ್ಯಾಂಕಿನಲ್ಲಿ ತೆರಿಗೆ ಕಟ್ಟಿದ ಚಲನ್ ಆಗಲಿ ರಿಟರ್ನ್ ಸಲ್ಲಿಸಿದ್ದಕ್ಕೆ ಪುರಾವೆಯಲ್ಲ. ತೆರಿಗೆ ಕಟ್ಟುವುದು ಒಂದು, ಲೆಕ್ಕ ಒಪ್ಪಿಸುವುದು ಇನ್ನೊಂದು.

ಮೂವತ್ತು ದಿನಗಳ ಗಡುವು

ದೃಢೀಕರಣಕ್ಕೆ ಮೊದಲು 120 ದಿನಗಳ ಅವಕಾಶವಿತ್ತು. 2022ರ ಆಗಸ್ಟ್ 1ರಿಂದ ಅದು 30 ದಿನಗಳಿಗೆ ಇಳಿಯಿತು. ಜುಲೈ 20ರಂದು ಸಲ್ಲಿಸಿದ ರಿಟರ್ನನ್ನು ಆಗಸ್ಟ್ 19ರೊಳಗೆ ದೃಢೀಕರಿಸಿದರೆ ಜುಲೈ 20ರಂದೇ ಸಲ್ಲಿಸಿದಂತೆ ಲೆಕ್ಕ. ಆಗಸ್ಟ್ 25ರಂದು ದೃಢೀಕರಿಸಿದರೆ ಆ ದಿನವೇ ಸಲ್ಲಿಸಿದಂತೆ. ಕೊನೆಯ ದಿನ ಜುಲೈ 31 ಆಗಿದ್ದಲ್ಲಿ ರಿಟರ್ನ್ ತಡವಾಯಿತೆಂದೇ ಅರ್ಥ. ತಡವಾದದ್ದಕ್ಕೆ 5,000 ರೂಪಾಯಿವರೆಗೆ ಶುಲ್ಕ ಬೀಳಬಹುದು. ಒಟ್ಟು ಆದಾಯ 5 ಲಕ್ಷ ರೂಪಾಯಿ ಮೀರದವರಿಗೆ ಅದು 1,000 ರೂಪಾಯಿಗೆ ಸೀಮಿತ.

ದೃಢೀಕರಣದ ಸುಲಭ ದಾರಿ ಆಧಾರ್ ಜೊತೆ ನೋಂದಾಯಿಸಿದ ಮೊಬೈಲಿಗೆ ಬರುವ ಒ.ಟಿ.ಪಿ. ತೊಡಕು ಬರುವುದು ಆ ನಂಬರು ಹಳೆಯದಾಗಿದ್ದಾಗ. ಒ.ಟಿ.ಪಿ. ಬರುವುದಿಲ್ಲ, ‘ನಾಳೆ ನೋಡೋಣ’ ಎಂದು ಬಿಟ್ಟದ್ದು ಮರೆತೇಹೋಗುತ್ತದೆ. ಅಂಥವರು ನೆಟ್ ಬ್ಯಾಂಕಿಂಗ್ ಮೂಲಕ ಅಥವಾ ಇಲಾಖೆಯ ತಾಣದಲ್ಲಿ ಮೊದಲೇ ದೃಢಪಡಿಸಿದ ಬ್ಯಾಂಕ್ ಖಾತೆಯ ಮೂಲಕ ದೃಢೀಕರಿಸಬಹುದು. ಅದೂ ಆಗದಿದ್ದರೆ ಐ.ಟಿ.ಆರ್.-ವಿಗೆ ಸಹಿ ಹಾಕಿ ಬೆಂಗಳೂರು 560500 ವಿಳಾಸದ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸಬಹುದು. ಅದು 30 ದಿನಗಳೊಳಗೆ ಕೇಂದ್ರ ಮುಟ್ಟಿರಬೇಕು ಎಂಬುದು ನೆನಪಿರಲಿ. ಗಡುವು ಮೀರಿದವರು ತಡವಾದ ಕಾರಣ ತಿಳಿಸಿ ವಿಳಂಬ ಮನ್ನಿಸುವಂತೆ ಇಲಾಖೆಯ ತಾಣದಲ್ಲೇ ಕೋರಬಹುದು.

ತಿಳಿಯುವುದು ಹೇಗೆ?

ಇಲಾಖೆಯ ಇ-ಫೈಲಿಂಗ್ ತಾಣದ ಮುಖಪುಟದಲ್ಲೇ ರಿಟರ್ನ್ ಸ್ಥಿತಿ ತಿಳಿಯುವ ಕೊಂಡಿ ಇದೆ. ಸ್ವೀಕೃತಿ ಸಂಖ್ಯೆ ಮತ್ತು ಮೊಬೈಲ್ ನಂಬರು ಕೊಟ್ಟರೆ ಸಾಕು, ಪಾಸ್‌ವರ್ಡ್ ಬೇಡ. ಖಾತೆಗೆ ಲಾಗಿನ್ ಆದರೆ ಹಿಂದಿನ ವರ್ಷಗಳ ರಿಟರ್ನ್‌ಗಳೂ ಕಾಣುತ್ತವೆ.

ಅಲ್ಲಿ ‘ದೃಢೀಕರಣಕ್ಕೆ ಬಾಕಿ’ ಎಂದಿದ್ದರೆ ಕೆಲಸ ನಿಮ್ಮದು. ‘ದೃಢೀಕರಣವಾಗಿದೆ’ ಎಂದಿದ್ದರೆ ರಿಟರ್ನ್ ತಲುಪಿದೆ, ಇನ್ನು ಸರದಿ ಇಲಾಖೆಯದು. ‘ಸಂಸ್ಕರಣೆಯಾಗಿದೆ’ ಎಂದಿದ್ದರೆ ಲೆಕ್ಕ ಪರಿಶೀಲಿಸಿ ಮುಗಿದಿದೆ, ಅದರ ಸೂಚನಾಪತ್ರ ಇ-ಮೇಲ್‌ಗೆ ಬಂದಿರುತ್ತದೆ. ‘ದೋಷಪೂರಿತ’ ಎಂದಿದ್ದರೆ ಮಾತ್ರ ತಡಮಾಡಬಾರದು. ಸಾಮಾನ್ಯವಾಗಿ 15 ದಿನಗಳೊಳಗೆ ಸರಿಪಡಿಸಬೇಕು.

ಇನ್ನೊಂದು ಎಚ್ಚರ. ರಿಟರ್ನ್ ತುಂಬಿಸಲು ಬೇರೆಯವರಿಗೆ ಒಪ್ಪಿಸಿದಾಗ ಕೆಲವೊಮ್ಮೆ ಅವರದೇ ಮೊಬೈಲ್ ಮತ್ತು ಇ-ಮೇಲ್ ನಮೂದಾಗಿರುತ್ತದೆ. ಇಲಾಖೆಯ ಪತ್ರಗಳೆಲ್ಲ ಅಲ್ಲಿಗೇ ಹೋಗುತ್ತವೆ. ಸ್ವಂತ ವಿಳಾಸವೇ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿಗಳ ಪಾಲಿಗೂ ಇದು ದೂರದ ಸಂಗತಿಯಲ್ಲ. ತರಬೇತಿಯ ಭತ್ಯೆಯಲ್ಲೋ, ತಮ್ಮ ಹೆಸರಿನ ಠೇವಣಿಯ ಬಡ್ಡಿಯಲ್ಲೋ ತೆರಿಗೆ ಕಡಿತವಾಗಿದ್ದು, ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದಿದ್ದರೆ, ಆ ಹಣ ಮರಳಿ ಪಡೆಯಲು ರಿಟರ್ನ್ ಸಲ್ಲಿಸಲೇಬೇಕು. ಅದು ದೃಢೀಕರಣವಾಗದೆ ಸಂಸ್ಕರಣೆ ಇಲ್ಲ, ಸಂಸ್ಕರಣೆಯಾಗದೆ ಮರುಪಾವತಿ ಇಲ್ಲ. ಹಣ ಬರುವುದು ತಾಣದಲ್ಲಿ ದೃಢಪಡಿಸಿದ ಬ್ಯಾಂಕ್ ಖಾತೆಗೆ ಮಾತ್ರ. ‘ನಿಮ್ಮ ರೀಫಂಡ್ ಸಿದ್ಧವಾಗಿದೆ, ಇಲ್ಲಿ ಒತ್ತಿ’ ಎಂಬ ಸಂದೇಶ ಬಂದರೆ ನಂಬಬೇಡಿ. ಇಲಾಖೆ ಯಾರಿಂದಲೂ ಪಿನ್, ಪಾಸ್‌ವರ್ಡ್ ಕೇಳುವುದಿಲ್ಲ.

ಮೊಬೈಲ್ ಬಳಕೆಯಲ್ಲಿ ಮಕ್ಕಳು ಅಪ್ಪ ಅಮ್ಮಂದಿರಿಗಿಂತ ಚುರುಕು. ರಿಟರ್ನ್ ಸಲ್ಲಿಸಿದ ವಾರದೊಳಗೆ ಇಬ್ಬರೂ ಜೊತೆಗೆ ಕುಳಿತು ಅದರ ಸ್ಥಿತಿ ನೋಡಿ, ಸ್ವೀಕೃತಿಯ ಪ್ರತಿಯನ್ನು ಅಂಕಪಟ್ಟಿಗಳಿರುವ ಕಡತದಲ್ಲೇ ಇಡಲಿ. ಐದು ನಿಮಿಷದ ಕೆಲಸ. ಸಾಲದ ಅರ್ಜಿ ಹಿಡಿದು ಬ್ಯಾಂಕಿಗೆ ಹೋಗುವ ದಿನ ಅದರ ಬೆಲೆ ತಿಳಿಯುತ್ತದೆ.